ತಟ್ಟಿಸಿಕೊಂಡ ಮುಳ್ಳು

ತನಗೆ ಹೊಟ್ಟೆಯಿಲ್ಲ, ಆದರೂ ಇನ್ನೊಬ್ಬರ ಹೊಟ್ಟೆ ಖಾಲಿಯಾಯ್ತು ಅಂತ ಹೇಳುತ್ತೆ. ಹೇಳಿದ್ದಕ್ಕೆ ಪೆಟ್ಟು ತಿನ್ನುತ್ತೆ. ಏನದು? ತಲೆ ಕೆರ್ಕೋಬೇಡಿ, ನಿಮ್ಮ ಕೈಲಾಗಲ್ಲ. ಅದು ಯುದ್ಧಕಾಲದ ಭಾರೀ ಬಾಂಬರ್ ವಿಮಾನವೊಂದರಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ಮುಳ್ಳು.

ಬಾಂಬು ಹಾಕಿ ಸಮುದ್ರದ ಮೇಲೆ ವಾಪಸು ಬರುವಾಗ ಆ ಮುಳ್ಳು ತಳಕ್ಕೆ ಇಳಿಯಿತು. ಪೈಲಟ್ ಮುದ್ದಯ್ಯ ರೂಢಿಯಂತೆ ಗಾಜಿನ ಮೇಲೆ ಟಕ್ ಟಕ್ ತಟ್ಟಿದ. “ಸಿಕ್ಕಿಹಾಕ್ಕೊಂಡಿದೆ ಶನಿ!”

“ಸಿಕ್ಕಿಲ್ಲ ಸ್ವಾಮಿ,” ಎಂದಿತು ಮುಳ್ಳು, “ಗುಂಡು ಬಿದ್ದು ಟ್ಯಾಂಕ್ ತೂತಾಗಿದೆ! ಮುಂದಿನ ದ್ವೀಪದಲ್ಲಿ ರನ್‌ವೇ ಇದೆ, ಇಳಿಸಿ. ಎಂಟು ಜನ ಇದ್ದೀರಿ.”

“ಸರಿಯಾಗಿ ಹೇಳು.” ಟಕ್ ಟಕ್.

ಪಕ್ಕದಲ್ಲಿ, ವಿಮಾನ ಎಷ್ಟು ಮೇಲಿದೆ ಅಂತ ತೋರಿಸೋ ಎತ್ತರದ ಮುಳ್ಳು ನಕ್ಕಿತು. “ಅವರಿಗೆ ಇಷ್ಟವಾಗೋದನ್ನ ಹೇಳಯ್ಯಾ. ನನ್ನನ್ನ ಯಾವತ್ತಾದ್ರೂ ತಟ್ಟಿದ್ದಾರಾ?”

ಇಪ್ಪತ್ತನೇ ಪೆಟ್ಟಿಗೆ ಪೆಟ್ರೋಲ್ ಮುಳ್ಳಿಗೆ ರೇಗಿಹೋಯಿತು. “ತಗೊಳ್ಳಿ, ಅತ್ಲಾಗೆ!” ಎಂದು ಅರ್ಧಕ್ಕೆ ಹಾರಿ ನಿಂತಿತು.

“ನೋಡಿದ್ರೇನ್ರೋ? ತಟ್ಟಿದ್ರೆ ಎಲ್ಲಾ ದಾರಿಗೆ ಬರುತ್ತೆ,” ಎಂದು ಮುದ್ದಯ್ಯ ಹಿಂದಿದ್ದವರಿಗೆ ಕೂಗಿ ಹೇಳಿ, ವಿಮಾನವನ್ನು ದ್ವೀಪ ದಾಟಿಸಿಯೇಬಿಟ್ಟ.

ಹತ್ತು ನಿಮಿಷಕ್ಕೆ ನಾಲ್ಕೂ ಎಂಜಿನ್ ಒಂದೊಂದಾಗಿ ನಿಂತವು. ಎತ್ತರದ ಮುಳ್ಳು ಸರಸರ ಇಳಿಯತೊಡಗಿತು. “ಸ್ವಾಮಿ, ನೀರು ಹತ್ತಿರ ಬಂತು!” ಎಂದು ಕಿರುಚಿತು.

ಮುದ್ದಯ್ಯ ಅದನ್ನೂ ತಟ್ಟಿದ.

ಆಮೇಲೆ ಮೀನುಗಾರರ ದೋಣಿಯೊಂದು ಬಂದು ಎಂಟೂ ಜನರನ್ನು ನೀರಿಂದ ಎತ್ತಿಕೊಂಡಿತು. ನಿಜ ಹೇಳ್ತೀನಿ, ಆ ದೋಣಿ ಕಥೆಗೆ ನಾನೇ ಸೇರಿಸಿದ್ದು. ಹಿಂದೆ ಕೂತಿದ್ದ ಏಳು ಜನ ಏನನ್ನೂ ತಟ್ಟಿರಲಿಲ್ಲವಲ್ಲ.