ಚಿಲಕವಿಲ್ಲದ ಕೋಣೆ

ಬಹಳ ಹಿಂದಿನ ಮಾತು, ನಮ್ಮಜ್ಜಿಯ ಅಜ್ಜಿಗೂ ಹಿಂದಿನದು. ಹೊಳೆದಂಡೆಯ ಒಂದು ಊರಲ್ಲಿ ನೀಲವ್ವ ಎಂಬ ಸೂಲಗಿತ್ತಿ ಇದ್ದಳಂತೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಅರಳೆಯಲ್ಲಿ ಸುತ್ತಿ, ಕೆಂಡದ ಕಾವಿಟ್ಟ ಕೋಣೆಯಲ್ಲಿ ಮಲಗಿಸಿ, ಬತ್ತಿಯಿಂದ ಹನಿಹನಿ ಹಾಲು ಕುಡಿಸಿ ಉಳಿಸುತ್ತಿದ್ದಳಂತೆ. ಯಮನೇ ಅವಳ ಹೊಸ್ತಿಲಲ್ಲಿ ಕೆರ ಬಿಟ್ಟು ಕಾಯುತ್ತಿದ್ದ ಅಂತಾರೆ. ಅನ್ನುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಅವಳದೊಂದು ಕಟ್ಟಳೆ. ಹೆತ್ತವಳ ದೃಷ್ಟಿ ಅರಳೆಗೂಸಿಗೆ ತಾಕುತ್ತದೆ ಎಂದು ಒಳಗಿನಿಂದ ಚಿಲಕ ಹಾಕುತ್ತಿದ್ದಳು. ಹಾಲು ಒಳಗೆ ಹೋಗಬಹುದು, ಹಾಲು ಕೊಟ್ಟ ತಾಯಿ ಹೋಗುವಂತಿಲ್ಲ. ಕೂಸಿಗೆ ಕುರು ಎದ್ದರೆ ಮುಳ್ಳಿನಿಂದ ಚುಚ್ಚಿ ಕೀವು ತೆಗೆಯುತ್ತಿದ್ದಳು. ಅದು ಚೀರಿ ಚೀರಿ ಸುಮ್ಮನಾದರೆ ನೋವು ಹೋಯಿತು ಎನ್ನುತ್ತಿದ್ದಳು. ಊರೂ ಹೌದೆನ್ನುತ್ತಿತ್ತು.

ಒಮ್ಮೆ ಅವಳ ಮಗಳು ಸಂಗವ್ವನೇ ಏಳು ತಿಂಗಳಿಗೆ ಹೆತ್ತಳು. ಮೊಮ್ಮಗಳ ಬೆನ್ನಲ್ಲಿ ಕುರು ಎದ್ದಿತು. ನೀಲವ್ವ ಮುಳ್ಳು ಹಿಡಿದಳು, ಕೂಸು ಚೀರಿತು. ಹೊರಗೆ ಸಂಗವ್ವ ಬಾಗಿಲಿಗೆ ಬಾಯಿ ಹಚ್ಚಿ, "ಅಳಬ್ಯಾಡ ನನ್ನವ್ವ, ನಾ ಇಲ್ಲೇ ಅದೀನಿ" ಅಂದಳು. ಕೂಸಿನ ಅಳು ನಿಂತಿತು, ಬಿಗಿದ ಮುಷ್ಟಿ ಬಿಚ್ಚಿತು. ನೀಲವ್ವ ಕಣ್ಣಾರೆ ಕಂಡಳು. ಕಂಡೂ, "ಬಾಯಿ ಮುಚ್ಚು, ದೃಷ್ಟಿ ಆಗ್ತದ" ಎಂದು ಮಗಳನ್ನು ಗದರಿಸಿದಳು. ಹೊರಗೆ ದನಿ ನಿಂತಿತು, ಒಳಗೆ ಮತ್ತೆ ಅಳು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು, ಉಸಿರೂ ನಿಂತಿತು.

ಹೋಗುವ ಕೂಸು ಹೇಗಾದರೂ ಹೋಗುತ್ತಿತ್ತೇನೋ, ದೇವರಿಗೇ ಗೊತ್ತು. ಆದರೆ ಹೆತ್ತವಳು ಬಾಗಿಲಾಚೆ ಇರುವಾಗಲೇ ಒಂಟಿಯಾಗಿ ಹೋಯಿತಲ್ಲ, ಅದಕ್ಕೇನನ್ನೋಣ? ಗಂಡನ ಮನೆಗೆ ಹೋದ ಸಂಗವ್ವ ತಾಯಿಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ನೀಲವ್ವ ಆ ಚಿಲಕ ಕಿತ್ತು ಹೊಳೆಗೆ ಎಸೆದಳಂತೆ. ಅಲ್ಲಿಂದ ಮುಂದೆ ಕೂಸನ್ನು ಹೆತ್ತವಳ ಬರಿಯೆದೆಗೆ ಒರಗಿಸಿ, ಸೆರಗು ಹೊದಿಸಿ, ಮೊಲೆ ಬಾಯಿಗಿಡಿಸಿ, ಆಮೇಲೆಯೇ ಮುಳ್ಳು ಮುಟ್ಟುತ್ತಿದ್ದಳಂತೆ. ಅವಳ ಕೈಯಲ್ಲಿ ಮುಳ್ಳೂ ಹೂವಾಗುತ್ತಿತ್ತು ಅಂತಾರೆ. ಸುಳ್ಳು, ಮುಳ್ಳು ಮುಳ್ಳೇ. ಅವ್ವ ಹತ್ತಿರ ಇದ್ದಳು, ಅಷ್ಟೇ.

ಇಂದಿಗೂ ಆ ಊರಲ್ಲಿ ಬಾಣಂತಿ ಕೋಣೆಗೆ ಚಿಲಕ ಇಡುವುದಿಲ್ಲ. ಕೂಸಿಗೆ ಕಿವಿ ಚುಚ್ಚಲಿ, ಸೂಜಿ ಹಾಕಲಿ, ತಾಯಿ ಎದೆಗವಚಿಕೊಂಡು "ನಾ ಇಲ್ಲೇ ಅದೀನಿ" ಎನ್ನುತ್ತಾಳೆ. ಕಲಿಸಿದವಳು ನೀಲವ್ವ ಎಂದು ಎಲ್ಲರೂ ಕೈ ಮುಗಿಯುತ್ತಾರೆ. ಆ ಮಾತು ಸಂಗವ್ವನದು. ಅದನ್ನು ಕೇಳಿ ಅಳು ನಿಲ್ಲಿಸಿದ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.