ಹಂಡೆಯ ಕತ್ತಿನ ಬೆಸುಗೆ

“ಪರೀಕ್ಷೆಯಲ್ಲಿ ಗೆದ್ದ ಮೇಲೂ ಕೆಲವರಿಗೆ ಭಯ ಏಕೆ ಉಳಿಯುತ್ತದೆ?” ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕಥೆ ಹೇಳತೊಡಗಿದರು.

ಕಡಲ ಸೀಮೆಯಲ್ಲಿ ಒಬ್ಬ ಗೇರು ವ್ಯಾಪಾರಿಯಿದ್ದ. ಬೀಜ ಕಿತ್ತ ಮೇಲೆ ಹಣ್ಣು ಪ್ರತಿ ಬೇಸಗೆಯಲ್ಲೂ ಗುಡ್ಡದಲ್ಲೇ ಕೊಳೆಯುವುದನ್ನು ನೋಡಿ, ಅದರ ರಸದಿಂದ ಮದ್ಯ ಬಟ್ಟಿ ಇಳಿಸುವ ಯೋಚನೆ ಮಾಡಿದ. ಕದ್ದು ಇಳಿಸುವವರು ಸುತ್ತಮುತ್ತ ಇದ್ದರು. ಇವನಿಗೆ ಅದು ಬೇಡವಾಗಿತ್ತು. ಪರವಾನಗಿಗೆ ಅರ್ಜಿ ಹಾಕಿದ.

ತಪಾಸಣೆ ಶುರುವಾಯಿತು. ಮೊದಲು ಅಗ್ನಿಶಾಮಕದವರು ಬಂದರು. ಬಾಗಿಲು ಹೊರಕ್ಕೆ ತೆರೆಯಬೇಕು ಎಂದರು. ಬದಲಿಸಿದ. ಆಮೇಲೆ ಮಾಲಿನ್ಯ ಮಂಡಳಿಯವರು ಬಂದು, ಕೊಳೆನೀರಿನ ಗುಂಡಿ ಬಾವಿಗೆ ಹತ್ತಿರವಾಯಿತು ಎಂದರು. ಮುಚ್ಚಿಸಿ ದೂರದಲ್ಲಿ ತೋಡಿಸಿದ. ಹೀಗೆ ಎರಡು ಬೇಸಗೆ ಕಳೆದವು. ಅಂಗಳದಲ್ಲಿ ಜೀಪಿನ ಸದ್ದು ಕೇಳಿದರೆ ಅವನು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಉಳಿದದ್ದು ಅಬಕಾರಿ ಅಧಿಕಾರಿಯ ತಪಾಸಣೆ. ಅದಕ್ಕೆ ನಾಲ್ಕು ದಿನವಿದೆ ಎನ್ನುವಾಗ ಬಟ್ಟಿ ಇಳಿಸುವ ತಾಮ್ರದ ಹಂಡೆಗೆ ಬರೀ ನೀರು ಹಾಕಿ ಕುದಿಸಿ ನೋಡಿದ. ಕತ್ತಿನ ಬೆಸುಗೆಯಿಂದ ಕೂದಲೆಳೆಯಷ್ಟು ಆವಿ ಹೊರಬಂತು. ಅದು ಮದ್ಯದ ಆವಿಯಾದರೆ, ಒಲೆಯ ಕಡೆ ತಿರುಗಿದರೆ, ಹೊತ್ತಿಕೊಳ್ಳುತ್ತದೆ. ಅವನಿಗೆ ಗೊತ್ತಿತ್ತು. ದುರಸ್ತಿಗೆಂದು ಹಂಡೆ ಬಿಚ್ಚಿದರೆ ಮತ್ತೆ ಅರ್ಜಿ, ಮತ್ತೆ ಜೀಪು, ಮತ್ತೊಂದು ಬೇಸಗೆ. ಅದೂ ಗೊತ್ತಿತ್ತು. ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡು ಬಿರುಕಿಗೆ ಮೇಣ ತುಂಬಿದ. ಹುಣಸೆಹುಳಿ ಹಚ್ಚಿ ಇಡೀ ಹಂಡೆಯನ್ನು ಬೆಳಗಿದ.

ಅಧಿಕಾರಿ ಬಂದರು. ಪೀಪಾಯಿಗಳನ್ನು ಅಳೆದರು, ಬೀಗಗಳನ್ನು ಎಳೆದು ನೋಡಿದರು. ಅವರ ಬೆರಳು ಹಂಡೆಯ ಕತ್ತನ್ನು ಸವರಿ ಮುಂದೆ ಹೋಯಿತು. ಅವರು ಕುಳಿತು ನಕ್ಷೆ ಬರೆಯತೊಡಗಿದರು.

“ಒಲೆ ಉರಿಯುವಾಗ ನೀವು ಎಲ್ಲಿರುತ್ತೀರಿ?”

“ಬಾಗಿಲ ಹತ್ತಿರ.”

“ಹಂಡೆಯ ಹತ್ತಿರ?”

“ನಮ್ಮ ಐತಪ್ಪ ಇರುತ್ತಾನೆ. ಹನ್ನೆರಡು ವರ್ಷದಿಂದ ನನ್ನಲ್ಲೇ ಕೆಲಸಕ್ಕಿದ್ದಾನೆ.”

ಅಧಿಕಾರಿ ಎರಡನ್ನೂ ಬರೆದುಕೊಂಡು, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿದರು.

ನೀರು ಕುದಿಸಿದ ದಿನ ವ್ಯಾಪಾರಿಯೇ ಹಂಡೆಯ ಪಕ್ಕದಲ್ಲಿ ನಿಂತಿದ್ದ. ಬಾಗಿಲ ಹತ್ತಿರ ನಿಲ್ಲಬೇಕೆಂದು ತಾನು ಯಾವಾಗ ತೀರ್ಮಾನಿಸಿದೆ ಎಂಬುದು ಅವನಿಗೇ ತಿಳಿಯಲಿಲ್ಲ.

ಪರವಾನಗಿ ಬಂತು. ಮನೆಯವರು ಪಾಯಸ ಮಾಡಿದರು. ಅವನಿಗೆ ರುಚಿಸಲಿಲ್ಲ. ಹಂಡೆಗೆ ಇಲಾಖೆಯ ಮೊಹರು ಬಿದ್ದಿತ್ತು. ಹಣ್ಣು ಬಂದು, ರಸ ಹಿಂಡಿ, ಅದು ಹುದುಗಿಯೂ ಆಯಿತು. ಬೆಳಿಗ್ಗೆ ಐತಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಹಚ್ಚಲೇ?” ಎಂದ.

ಬಾಗಿಲಲ್ಲಿದ್ದ ವ್ಯಾಪಾರಿ ನಡೆದು ಬಂದು ಐತಪ್ಪನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡ. ಉಗುರಿನಿಂದ ಮೇಣ ಕೆರೆದು ತೋರಿಸಿದ.

ಐತಪ್ಪ ಬಿರುಕನ್ನು ನೋಡಿದ. ಆಮೇಲೆ ಇವನನ್ನು ನೋಡಿದ. “ಮೊದಲೇ ಗೊತ್ತಿತ್ತೇ?”

“ಗೊತ್ತಿತ್ತು.”

ಐತಪ್ಪ ಬೆವರೊರೆಸುವ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ವ್ಯಾಪಾರಿ ತಾನೇ ಕಚೇರಿಗೆ ಬರೆದು ತಿಳಿಸಿದ. ಪರವಾನಗಿಯನ್ನು ತಡೆಹಿಡಿದರು. ರಸವೆಲ್ಲ ಹುಳಿಯಾಗಿ ಚೆಲ್ಲಬೇಕಾಯಿತು. ಹಂಡೆ ಕಂಚುಗಾರನ ಮನೆಗೆ ಹೋಗಿ ಬಂತು, ಜೀಪುಗಳು ಮತ್ತೆ ಬಂದವು. ಮರುವರ್ಷ ಒಲೆ ಹಚ್ಚಿದಾಗ ಅವನೇ ಹಂಡೆಯ ಪಕ್ಕದಲ್ಲಿ ನಿಂತಿದ್ದ. ಐತಪ್ಪನನ್ನು ಕರೆಯಲು ಮೂರು ಸಲ ಹೋಗಿದ್ದ. ಅವನು ಬಂದಿರಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆ ದಿನ ಒಲೆ ಹಚ್ಚಿದ್ದರೂ ಏನೂ ಆಗದೆ ಇರಬಹುದಿತ್ತಲ್ಲವೇ?” ಎಂದ.

“ಇರಬಹುದಿತ್ತು. ಆ ಮಾತನ್ನು ಒಲೆಯ ಮುಂದೆ ಕುಳಿತಿದ್ದ ಐತಪ್ಪ ಹೇಳಲಿ.”