ಜೋಡಿ ತೂಬಿನ ಹತ್ತಿರ ಸಿಗದ ಫೋಟೋ

ನಾಲೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಮೊಬೈಲ್.

ಶಿಷ್ಯನ ಹೆಸರು ಷಡಕ್ಷರಿ. ಮನೆ ಬಿಟ್ಟಿದ್ದ, ಕೆಲಸ ಬಿಟ್ಟಿದ್ದ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟಿದ್ದ. ಮೊಬೈಲ್ ಒಂದು ಬಾಕಿ ಇತ್ತು. ಅದು ಕೊನೆಯ ಗಂಟು, ನಿಧಾನವಾಗಿ ಬಿಚ್ಚಬೇಕು ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಷಡಕ್ಷರಿ ಏದುಸಿರು ಬಿಡುತ್ತಾ ಬಂದ.

"ಗುರುಗಳೇ, ಕಳ್ಳ ಸಿಕ್ಕಿಬಿದ್ದ!"

"ಏನು ಕದ್ದನಂತೆ?"

"ಎಂಟು ಕಿಲೋಮೀಟರ್."

"ಎಲ್ಲಿ ಬಚ್ಚಿಟ್ಟಿದ್ದಾನೆ?"

ಷಡಕ್ಷರಿ ತಾಳ್ಮೆಯಿಂದ ಬಿಡಿಸಿ ಹೇಳಿದ. ಹೋದ ತಿಂಗಳು ನಾಲೆ ಏರಿಯ ಮೇಲೆ ಮ್ಯಾರಥಾನ್ ನಡೆದಿತ್ತು. ಒಟ್ಟು ನಲವತ್ತೆರಡು ಕಿಲೋಮೀಟರ್. ಅರವತ್ತು ದಾಟಿದವರಲ್ಲಿ ನೀರುಗಂಟಿ ಬೋರಲಿಂಗಯ್ಯ ಮೊದಲು ಬಂದಿದ್ದರು. ನಲವತ್ತು ವರ್ಷದಿಂದ ನಾಲೆಯುದ್ದಕ್ಕೂ ನಡೆದು, ಸರದಿ ಪ್ರಕಾರ ಗದ್ದೆಗದ್ದೆಗೆ ನೀರು ಬಿಡುವವರು ಅವರು.

ದಾರಿಯಲ್ಲಿ ಏಳು ಕಡೆ ಓಟಗಾರರ ಫೋಟೋ ತೆಗೆದಿದ್ದರು. ಆರು ಕಡೆ ಬೋರಲಿಂಗಯ್ಯ ಇದ್ದರು. ಹನ್ನೆರಡನೇ ಕಿಲೋಮೀಟರಿನ ಜೋಡಿ ತೂಬಿನ ಹತ್ತಿರ ಮಾತ್ರ ಇಲ್ಲ. ಅದಕ್ಕೆ ಸ್ವಲ್ಪ ಮೊದಲೇ ಕಬ್ಬಿನ ಗದ್ದೆಯೊಳಗೆ ಒಂದು ಗಾಡಿ ಜಾಡು ಇದೆ. ಅದರಲ್ಲಿ ನುಗ್ಗಿ ತೂಬಿನಾಚೆ ಮತ್ತೆ ಏರಿ ಹತ್ತಿದರೆ ಎಂಟು ಕಿಲೋಮೀಟರ್ ಉಳಿಯುತ್ತದೆ.

ಇದನ್ನೆಲ್ಲ ಷಡಕ್ಷರಿ 'ಓಟದ ಪತ್ತೇದಾರರು' ಎಂಬ ಗುಂಪಿನಲ್ಲಿ ಆಗಲೇ ಹಾಕಿಬಿಟ್ಟಿದ್ದ.

"ಅಷ್ಟೇ ಅಲ್ಲ ಗುರುಗಳೇ. ತೂಬಿಗೆ ಮುಂಚಿನ ಫೋಟೋದಲ್ಲಿ ಟವೆಲ್ ಎಡ ಹೆಗಲ ಮೇಲಿದೆ. ಆಮೇಲಿನದರಲ್ಲಿ ಬಲ ಹೆಗಲ ಮೇಲೆ!"

"ಪಾಪ, ಎಡ ಹೆಗಲಿಗೆ ದಣಿವಾಗಿರಬೇಕು."

"ಗುರುಗಳೇ!"

"ಆಯ್ತಪ್ಪ. ಆ ತೂಬಿನ ಹತ್ತಿರ ಇನ್ನೂ ಎಷ್ಟು ಜನರ ಫೋಟೋ ಇಲ್ಲ?"

"ಅದನ್ನ ನೋಡೋಕೆ ಟೈಮ್ ಎಲ್ಲಿ ಗುರುಗಳೇ? ಇವರೊಬ್ಬರದ್ದೇ ಮೂರು ದಿನ ಹಿಡೀತು."

ಗುರುಗಳು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ವಾರದ ಮೇಲೆ ಒಂದು ಸಂಜೆ ಬೋರಲಿಂಗಯ್ಯನವರೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಟವೆಲ್ಲನ್ನು ಎರಡು ಕೈಯಲ್ಲಿ ಹಿಡಿದು ನಿಂತರು.

"ಬುದ್ಧಿ, ನಲ್ವತ್ತು ವರ್ಸ ನೀರು ಬುಟ್ಟಿವ್ನಿ. ಒಬ್ರ ಸರದಿ ಇನ್ನೊಬ್ರಿಗೆ ಕೊಟ್ಟೋನಲ್ಲ. ಈಗ ಐಕ್ಳು 'ಶಾರ್ಟ್‌ಕಟ್ ಬೋರಜ್ಜ' ಅಂತ ಕೂಗ್ತವೆ. ಅದ್ ಹೋಗ್ಲಿ ಅನ್ನಿ. ಮೊನ್ನೆ ಗದ್ದೆ ಸರದೀಲಿ ಒಬ್ಬ, 'ಓಟ್ದಲ್ಲೇ ಕದ್ದೋನು, ನೀರಲ್ಲಿ ಕದಿಯಲ್ವ' ಅಂದ್ಬುಟ್ಟ."

ನೀರುಗಂಟಿಗೆ ಇರುವುದೇ ಒಂದು ಮಾತು. ಅದನ್ನು ನಂಬದಿದ್ದರೆ ಅವರು ನಾಲೆಯ ಮೇಲೆ ಓಡಾಡುವ ಒಬ್ಬ ಮುದುಕ, ಅಷ್ಟೇ.

ಕಂಬದ ಹಿಂದೆ ನಿಂತಿದ್ದ ಷಡಕ್ಷರಿಗೆ ಒಳಗೊಳಗೇ ಇರುಸುಮುರುಸಾಯಿತು. ಆದರೆ ಆರುನೂರು ಲೈಕ್ ಬಂದ ಮೇಲೆ ಹಿಂದೆ ಸರಿಯುವುದು ಹೇಗೆ?

"ನಿಜವಾಗಿ ಓಡಿದ್ದರೆ ಇನ್ನೊಂದು ಸಲ ಓಡಿ ತೋರಿಸಲಿ!" ಎಂದು ಮುಂದೆ ಬಂದ.

"ಓಡ್ತೀನಿ" ಎಂದರು ಬೋರಲಿಂಗಯ್ಯ.

"ಒಳ್ಳೇದು" ಎಂದರು ಗುರುಗಳು. "ಭಾನುವಾರ ಅದೇ ದಾರಿ, ಅದೇ ನಲವತ್ತೆರಡು ಕಿಲೋಮೀಟರ್. ಇಲ್ಲಿಂದ ಹೊರಟು ಇಲ್ಲಿಗೇ ಬರೋದು. ಷಡಕ್ಷರಿ, ನೀನೇ ಸಾಕ್ಷಿ. ನೀನು ಹೇಳಿದ್ದೇ ತೀರ್ಪು."

"ಆಗಲಿ ಗುರುಗಳೇ. ಸೈಕಲ್ ತಗೊಂಡು ಹಿಂದೇನೇ ಹೋಗ್ತೀನಿ."

"ನೀನು ಯಾವತ್ತಾದರೂ ಓಡಿದೀಯಾ?"

"ಇಲ್ಲ ಗುರುಗಳೇ."

"ಹಾಗಾದರೆ ಸೈಕಲ್ ಇಲ್ಲ."

ಭಾನುವಾರ ಮೊದಲ ಎರಡು ಕಿಲೋಮೀಟರ್ ಷಡಕ್ಷರಿಯೇ ಮುಂದಿದ್ದ. ಮೂರನೆಯದರಲ್ಲಿ ಜೊತೆಗಿದ್ದ. ಐದನೆಯದರಿಂದ ಹಿಂದೆ ಬಿದ್ದ. ಬೋರಲಿಂಗಯ್ಯ ಅವನಿಗಾಗಿ ನಿಧಾನ ಮಾಡಿದರು, ನಿಂತರು, ನೀರು ಕುಡಿಸಿದರು, 'ಇನ್ನೇನ್ ಬಂತು' ಎಂದು ಏಳು ಸಲ ಸುಳ್ಳು ಹೇಳಿ ಹುರಿದುಂಬಿಸಿದರು.

ಜೋಡಿ ತೂಬಿನ ಹತ್ತಿರ ಪುಟ್ಟತಾಯಮ್ಮನ ಇಡ್ಲಿ ಅಂಗಡಿ. ಷಡಕ್ಷರಿ ಅದರ ಜಗಲಿಯ ಮೇಲೆ ಕುಸಿದು ಕೂತ.

"ನೀವು ನಡೀರಿ. ನಾನು ಹಿಂದೇನೇ ಬರ್ತೀನಿ."

"ನೀವ್ ಸಾಕ್ಸಿ ಅಲ್ವಾ ಸ್ವಾಮಿ?"

"ಕಣ್ಣು ನಿಮ್ಮ ಮೇಲೇ ಇರುತ್ತೆ, ಹೋಗಿ."

ಬೋರಲಿಂಗಯ್ಯ ಹೋದರು. ಷಡಕ್ಷರಿಯ ಕಣ್ಣು ತಟ್ಟೆ ಇಡ್ಲಿಯ ಮೇಲೆ ಬಿತ್ತು.

ನಾಲ್ಕನೆಯದನ್ನು ಬಡಿಸುತ್ತಾ ಪುಟ್ಟತಾಯಮ್ಮ ಹೇಳಿದಳು: "ಓಟದ ದಿನಾನೂ ಒಬ್ಬ ಹಿಂಗೇ ಕುಂತಿದ್ದ ಸ್ವಾಮಿ, ಕತ್ತಿಗೆ ಕ್ಯಾಮೆರಾ ನೇತಾಕ್ಕಂಡು. ಆರು ತಟ್ಟೆ ಇಡ್ಲಿ, ಅರ್ಧ ಗಂಟೆ. 'ಅಣ್ಣ, ಓಡೋರು ಹೊಂಟೋಯ್ತಾವ್ರೆ' ಅಂದೆ. 'ಇನ್ನೂ ಬೇಕಾದಷ್ಟ್ ಜನ ಬತ್ತಾರೆ, ಚಟ್ನಿ ಹಾಕಿ' ಅಂದ."

ಷಡಕ್ಷರಿಯ ಕೈ ಬಾಯಿಯ ಹತ್ತಿರವೇ ನಿಂತಿತು. "ಆಗ... ನೀರುಗಂಟಿ ಬೋರಲಿಂಗಯ್ಯ ಹೋದರಾ?"

"ಹೋಗ್ದೆ ಇರ್ತಾರಾ? ಹೆಗಲ ಮೇಲಿನ್ ಟವೆಲ್ ತಗ್ದು ಬೀಸಿ, 'ನಂಗೂ ಎಲ್ಡು ಮಡಗಿರವ್ವ' ಅಂದ್ಕಂಡು ಹೋದ್ರು."

ಷಡಕ್ಷರಿ ಇಡ್ಲಿಯನ್ನು ತಟ್ಟೆಗೆ ವಾಪಸ್ ಇಟ್ಟ. ಅವನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಈಗಲೇ ಹೋಗಿ ಹೇಳಬೇಕು ಎಂದುಕೊಂಡ. ಆದರೆ ಎಲ್ಲಿ ಕೇಳಿದೆ ಎಂದರೆ ಏನು ಹೇಳುವುದು? ಸಾಕ್ಷಿಯಾದವನು ಜಗಲಿ ಮೇಲೆ ಏಕೆ ಕೂತಿದ್ದ?

ಅಷ್ಟರಲ್ಲಿ ಆಲೆಮನೆಗೆ ಹೊರಟ ಕಬ್ಬಿನ ಟ್ರಾಕ್ಟರ್ ಬಂತು. ಆಲೆಮನೆ ಆಶ್ರಮದ ಹತ್ತಿರವೇ ಇತ್ತು. ಮನಸ್ಸು ಬೇಡ ಎನ್ನುವ ಮೊದಲೇ ಮೈ ಹತ್ತಿ ಕೂತಿತ್ತು.

ದಾರಿಯುದ್ದಕ್ಕೂ ಕಬ್ಬಿನ ಹೊರೆಯ ಮೇಲೆ ಕೂತು ಲೆಕ್ಕಾಚಾರ ಹಾಕಿದ. 'ಪೂರ್ತಿ ನೋಡಿದೆ ಅಂದುಬಿಟ್ಟರೆ ಅವರ ಹೆಸರೂ ಉಳಿಯುತ್ತೆ, ನನ್ನದೂ ಉಳಿಯುತ್ತೆ. ಯಾರಿಗೆ ನಷ್ಟ?'

ಆಶ್ರಮಕ್ಕೆ ಅರ್ಧ ಕಿಲೋಮೀಟರ್ ಇರುವಾಗ ಇಳಿದು ಜಾಲಿ ಪೊದೆಯ ಹಿಂದೆ ಅವಿತ. ಮೂರು ಗಂಟೆ ಕಾದ. ದೂರದಲ್ಲಿ ಬೋರಲಿಂಗಯ್ಯ ಕಂಡೊಡನೆ ನಾಲೆಯ ನೀರನ್ನು ತಲೆಗೆ ಸುರಿದುಕೊಂಡು, ಅದನ್ನೇ ಬೆವರು ಮಾಡಿಕೊಂಡು, ಅವರ ಪಕ್ಕ ಸೇರಿಕೊಂಡ.

ಬೋರಲಿಂಗಯ್ಯ ಓಡುತ್ತಲೇ ಅವನನ್ನು ಮೇಲಿಂದ ಕೆಳಗೆ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟರು.

"ತಲೆ ಒರೆಸ್ಕಳಿ ಸ್ವಾಮಿ. ಸೀತ ಆಯ್ತದೆ."

ಆಶ್ರಮದ ಬಾಗಿಲಲ್ಲಿ ಗುರುಗಳು ನಿಂತಿದ್ದರು.

"ಏನಪ್ಪ ಸಾಕ್ಷಿ?"

"ಒಂದೊಂದು ಹೆಜ್ಜೆನೂ ನೋಡಿದೆ ಗುರುಗಳೇ. ಎಲ್ಲೂ ತಪ್ಪಿಲ್ಲ."

ಗುರುಗಳು ಅವನ ಬೆನ್ನ ಹಿಂದೆ ಕೈ ಹಾಕಿ, ಜುಬ್ಬದ ಕತ್ತಿಗೆ ಸಿಕ್ಕಿಕೊಂಡಿದ್ದ ಮೊಳದುದ್ದದ ಕಬ್ಬಿನ ಗರಿಯೊಂದನ್ನು ಎಳೆದರು.

"ನಾಲೆ ಏರಿ ಮೇಲೆ ಕಬ್ಬು ಯಾವಾಗ ಬೆಳೀತಪ್ಪ?"

ಉತ್ತರ ಕೊಟ್ಟವರು ಬೋರಲಿಂಗಯ್ಯ.

"ಗಾಳಿ ಜೋರಾಗಿತ್ತು ಬುದ್ಧಿ. ಹಾರ್ಕಂಡ್ ಬಂದಿರಬೋದು."

ಆ ದಿನ ಎಲೆಯೂ ಅಲ್ಲಾಡಿರಲಿಲ್ಲ.

ಒಂದು ಟವೆಲ್ ಹೆಗಲು ಬದಲಾಯಿಸಿದ್ದಕ್ಕೆ ಷಡಕ್ಷರಿ ಈ ಮನುಷ್ಯನನ್ನು ಕಳ್ಳ ಮಾಡಿದ್ದ. ಇವರೋ ಮೊಳದುದ್ದದ ಗರಿಯನ್ನು ಕಣ್ಣಾರೆ ಕಂಡೂ ಗಾಳಿಯ ಮೇಲೆ ಹಾಕಿದರು. ಅವನು ನಿಂತಲ್ಲೇ ಗೊಳೋ ಎಂದು ಅತ್ತುಬಿಟ್ಟ. ಜಗಲಿ, ಕ್ಯಾಮೆರಾದವನು, ಬೀಸಿದ ಟವೆಲ್, ಟ್ರಾಕ್ಟರ್, ಜಾಲಿ ಪೊದೆ, ತಲೆಗೆ ಸುರಿದುಕೊಂಡ ನೀರು, ಒಂದೂ ಬಿಡದೆ ಹೇಳಿದ.

"ಎಷ್ಟು ಇಡ್ಲಿ?" ಎಂದರು ಗುರುಗಳು.

"ನಾಲ್ಕು."

"ಅದನ್ನೂ ಸೇರಿಸಿ ಬರಿ. ಎಲ್ಲಿ ಅವರ ಹೆಸರು ಕೆಡಿಸಿದೆಯೋ ಅಲ್ಲೇ."

ಬರೆದ. ಮರುದಿನ ಬೆಳಗಾಗುವಷ್ಟರಲ್ಲಿ ಗುಂಪಿನವರೆಲ್ಲ ಬೋರಲಿಂಗಯ್ಯನವರಿಗೆ ಕೈಮುಗಿದಿದ್ದರು. ಅವತ್ತು ಫೋಟೋ ಸಿಗದ ಇನ್ನೂ ಮೂವತ್ತೊಂದು ಜನ 'ನಮ್ಮದೂ ಇಲ್ಲ' ಎಂದು ಬರೆದಿದ್ದರು. ಗದ್ದೆ ಸರದಿಯಲ್ಲಿ ಚುಚ್ಚಿ ಮಾತಾಡಿದವನೇ ಬೋರಲಿಂಗಯ್ಯನವರ ಮನೆಗೆ ಹೋಗಿ, 'ತಪ್ಪಾಯ್ತು ಅಣ್ಣ, ನೀವ್ ಹೇಳ್ದಂಗೇ ನೀರು' ಎಂದು ಬಂದ.

ಆಮೇಲೆ ಪತ್ತೇದಾರರು ಷಡಕ್ಷರಿಯ ಕಡೆ ತಿರುಗಿದರು.

ಅವನು ಮೊಬೈಲ್ ಹಿಡಿದು ಗುರುಗಳ ಮುಂದೆ ಬಂದು ಕೂತ. ಕಣ್ಣಲ್ಲಿ ನೀರಿತ್ತು. ಗುರುಗಳ ಮುಂದೆ ಅವರೆಕಾಯಿ ಇತ್ತು.

"ಅನ್ಯಾಯ ಗುರುಗಳೇ! ಟ್ರಾಕ್ಟರ್ ಹತ್ತಿದ್ದು ಒಪ್ಪಿಕೊಂಡೆ. ಸುಳ್ಳು ಹೇಳಿದ್ದು ಒಪ್ಪಿಕೊಂಡೆ. ಈಗ ಆ ಮೊದಲ ಹನ್ನೆರಡು ಕಿಲೋಮೀಟರೂ ಓಡಿಲ್ಲ ಅಂತಾರೆ. ಫೋಟೋ ಎಲ್ಲಿ ಅಂತಾರೆ. ನಾನು ನಿಜವಾಗಿ ಓಡಿದ್ದು ಅದೊಂದೇ ಗುರುಗಳೇ!"

"ನೋವಾಯ್ತಾ?"

"ಬಹಳ."

ಗುರುಗಳು ಒಂದು ಕಾಯಿ ಸುಲಿದರು.

"ಭಾನುವಾರ ಇನ್ನೊಂದು ಸಲ ಓಡು. ಬೋರಲಿಂಗಯ್ಯನವರು ಸಾಕ್ಷಿಗೆ ಬರ್ತಾರೆ."

"ಪಾಪ, ಆ ವಯಸ್ಸಲ್ಲಿ ಮತ್ತೆ ಅಷ್ಟು ದೂರ ಓಡಬೇಕಾ ಗುರುಗಳೇ?"

"ಇಲ್ಲಪ್ಪ. ಅವರಿಗೆ ಸೈಕಲ್ ಕೊಡ್ತೀನಿ."